ಒಂದೂವರೆ ಇಂಚು

ನನ್ನ ತಮ್ಮನ ಮಗಳು ನನ್ನ ಕಣ್ಣ ಮುಂದೆ ಆ ರೈಫಲ್ಲನ್ನು ಹೆಗಲಿಗೆ ಹಚ್ಚಿದಾಗಲೇ ಅದು ಅವಳ ಅಳತೆಯದಲ್ಲ ಎಂದು ನನಗೆ ಗೊತ್ತಾಯಿತು. ಅವಳ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಕಿವಿಗೆ ದಪ್ಪ ಮುಚ್ಚಳ ಹಾಕಿಕೊಂಡು ಕುಳಿತಿದ್ದೆ. ಎದ್ದು ನಿಂತು "ತಡೀರಿ" ಎನ್ನುವುದಕ್ಕೆ ಬೇಕಾದಷ್ಟು ಸಮಯವಿತ್ತು. ಮೂರು ಗುಂಡು ಹಾರುವಷ್ಟು ಸಮಯವಿತ್ತು. ನಾನು ಏಳಲಿಲ್ಲ, ಹೇಳಲಿಲ್ಲ. ಆಮೇಲೆ ನಾಲ್ಕು ತಿಂಗಳೂ ಹೇಳಲಿಲ್ಲ.

ಕಾರಣ ದೊಡ್ಡದೇನಲ್ಲ. ಅವಳ ಅಳತೆ ತೆಗೆದವಳು ನಾನೇ.

ಹುಬ್ಬಳ್ಳಿಯಲ್ಲಿ ನಾನು ಏಳನೆಯ ಇಯತ್ತೆಯವರೆಗೆ ಶಾಲೆಗೆ ಹೋದೆ. ಗಣಿತದಲ್ಲಿ ಎರಡು ಸಲ ನಪಾಸಾದ ಮೇಲೆ ಅವ್ವ ನನ್ನನ್ನು ಓಣಿಯ ಹೊಲಿಗೆ ಕ್ಲಾಸಿಗೆ ಹಚ್ಚಿದಳು. ಪಾಟಿಯ ಮೇಲೆ ಎಷ್ಟು ಬಡಿದರೂ ತಲೆಗೆ ಹತ್ತದ ಕಾಲು, ಅರ್ಧ, ಮುಕ್ಕಾಲು ಅಲ್ಲಿ ಟೇಪಿನ ಮೇಲೆ ತಾವಾಗಿಯೇ ಬಂದವು. ನನಗಿಂತ ಆರು ವರ್ಷ ಚಿಕ್ಕವನಾದ ತಮ್ಮ ಚೆನ್ನಾಗಿ ಓದಿ ಇಂಜಿನಿಯರ್ ಆಗಿ ಮೆಲ್ಬರ್ನ್ ಸೇರಿದ. ನಾನು ಮದುವೆಯಾಗಿ, ಯಜಮಾನರ ವೆಲ್ಡಿಂಗ್ ಕೆಲಸದ ಬೆನ್ನು ಹತ್ತಿ ಸಿಡ್ನಿಗೆ ಬಂದೆ. ಮನೆ ರೌಸ್ ಹಿಲ್‌ನಲ್ಲಿ. ಚಾಟ್ಸ್‌ವುಡ್‌ನಲ್ಲಿ ಒಂದು ಶಾಪಿಂಗ್ ಸೆಂಟರಿನ ಮೆಟ್ಟಿಲ ಕೆಳಗೆ ಬಟ್ಟೆ ಸರಿಪಡಿಸುವ ಅಂಗಡಿ ಇಟ್ಟುಕೊಂಡಿದ್ದೇನೆ. ಆಫೀಸಿನವರ ಪ್ಯಾಂಟಿನ ಕಾಲು ಮಡಚುವುದು, ಸೊಂಟ ಬಿಡಿಸುವುದು, ನಮ್ಮವರ ಬ್ಲೌಸು, ಸೀರೆಯ ಫಾಲ್, ಮಕ್ಕಳ ಲಂಗ.

ನಮ್ಮ ಜನ ಸೇರಿದಲ್ಲೆಲ್ಲ ಡಾಕ್ಟರರು, ಇಂಜಿನಿಯರರು. ಅವರು ಮಾರ್ಟ್‌ಗೇಜ್, ಸೆಲೆಕ್ಟಿವ್ ಸ್ಕೂಲ್ ಎಂದು ಮಾತು ಶುರು ಮಾಡಿದಾಗ ನಾನು ಅಡುಗೆಮನೆಗೆ ಎದ್ದು ಹೋಗುತ್ತೇನೆ. ಆದರೆ ಪರದೆ ಎಷ್ಟು ಉದ್ದ ಬೇಕು, ಈ ಮೇಜು ಆ ಬಾಗಿಲಲ್ಲಿ ಹಿಡಿಯುತ್ತದೆಯೇ ಎಂಬ ಪ್ರಶ್ನೆ ಬಂದರೆ ಎಲ್ಲರೂ ನನ್ನ ಕಡೆ ತಿರುಗುತ್ತಾರೆ. ತಮ್ಮ ಆಗ ಎದೆ ಉಬ್ಬಿಸಿ ಹೇಳುತ್ತಾನೆ: "ನಮ್ಮಕ್ಕನ ಕಣ್ಣಾಗ ಟೇಪ್ ಐತ್ರಿ." ಆ ಮಾತು ಕೇಳಿದ ದಿನ ನನಗೆ ಊಟ ಒಂದು ತುತ್ತು ಹೆಚ್ಚು ಸೇರುತ್ತಿತ್ತು.

ಮಕ್ಕಳ ಬಟ್ಟೆಯನ್ನು ನಾನು ಎಂದೂ ಇದ್ದ ಅಳತೆಗೆ ಹೊಲಿದವಳಲ್ಲ. ತಾಯಂದಿರೂ ಹಾಗೆ ಹೊಲಿಸುವುದಿಲ್ಲ. "ಆಂಟಿ, ಸ್ವಲ್ಪ ಲೂಸ್ ಇರ್ಲಿ, ನೆಕ್ಸ್ಟ್ ಇಯರ್‌ಗೂ ಆಗ್ಬೇಕು" ಎನ್ನದ ತಾಯಿಯನ್ನು ನಾನು ಹುಬ್ಬಳ್ಳಿಯಲ್ಲೂ ಕಂಡಿಲ್ಲ, ಸಿಡ್ನಿಯಲ್ಲೂ ಕಂಡಿಲ್ಲ. ಅದಕ್ಕೇ ಮಕ್ಕಳ ಅಳತೆ ಬರೆದುಕೊಳ್ಳುವಾಗ ಮೊದಲು ನಿಜವಾದ ಅಂಕಿ, ಅದರ ಪಕ್ಕದಲ್ಲಿ ಬೆಳವಣಿಗೆ ಸೇರಿಸಿದ ಅಂಕಿ ಬರೆದು, ಎರಡನೆಯದಕ್ಕೆ ಸುತ್ತು ಹಾಕುತ್ತೇನೆ. ಕತ್ತರಿ ಹಾಕುವುದು ಸುತ್ತು ಹಾಕಿದ್ದಕ್ಕೆ.

ತಮ್ಮನ ಮನೆ ಮೆಲ್ಬರ್ನ್‌ನ ಪೂರ್ವಕ್ಕೆ, ಗುಡ್ಡಗಳು ಶುರುವಾಗುವ ಸಬರ್ಬಿನಲ್ಲಿದೆ. ಹಿತ್ತಲ ಬೇಲಿಯ ಆಚೆ ಒಬ್ಬ ಮುದುಕ. ಆಸ್ಟ್ರೇಲಿಯಾದವನೇ, ಹೆಂಡತಿ ತೀರಿಕೊಂಡ ಮೇಲೆ ಒಬ್ಬನೇ ಇದ್ದವನು. ಆ ಗುಡ್ಡಗಳ ತುಂಬ ಜಿಂಕೆ. ನಮ್ಮ ದೇಶದ ಕಡವೆಯನ್ನೂ ಯಾವ ಕಾಲದಲ್ಲೋ ಹಡಗಿನಲ್ಲಿ ತಂದು ಬಿಟ್ಟಿದ್ದಾರಂತೆ. ಅವುಗಳ ಹಿಂಡು ಬೆಳೆದು, ಬೆಳಗಾದರೆ ಮುದುಕನ ಗುಲಾಬಿ ಗಿಡ ಬೋಳಾಗಿರುತ್ತಿತ್ತು. ಅವನು ಬೇಟೆಯಾಡುತ್ತಿದ್ದ. ಮಾಂಸದಲ್ಲಿ ಒಂದು ಪಾಲನ್ನು ಬೇಲಿಯ ಮೇಲಿಂದ ಕೊಡುತ್ತಿದ್ದ. ತಮ್ಮ ಅದಕ್ಕೆ ಕಾರ ಅರೆದು ಹಾಕಿ ಬೇಯಿಸಿ, ಅರ್ಧವನ್ನು ಅದೇ ಬೇಲಿಯ ಮೇಲಿಂದ ವಾಪಸು ಕೊಡುತ್ತಿದ್ದ. ಮುದುಕ ಕಣ್ಣೀರು ಸುರಿಸುತ್ತ ತಿಂದು, ಮರುವಾರ ಮತ್ತೆ ಪಾತ್ರೆ ಹಿಡಿದು ನಿಲ್ಲುತ್ತಿದ್ದ. ಗಂಡಸರಿಬ್ಬರ ಸ್ನೇಹ ಬೆಳೆದದ್ದು ಹೀಗೆ.

ತಮ್ಮನ ಮಗಳಿಗೆ ಆ ಮುದುಕನ ಶೆಡ್ಡೇ ಎರಡನೆಯ ಮನೆಯಾಯಿತು. ಹನ್ನೆರಡು ತುಂಬಿದ ಮೇಲೆ ಬೇಟೆಯ ಸುರಕ್ಷತೆಯ ಪರೀಕ್ಷೆಗೆ ಕುಳಿತಳು. ತಮ್ಮನೂ ಅವಳ ಜೊತೆ ಕುಳಿತ. ದೊಡ್ಡವರೊಬ್ಬರ ಲೈಸೆನ್ಸ್ ಇಲ್ಲದೆ ಮಕ್ಕಳು ಬಂದೂಕು ಮುಟ್ಟುವಂತಿಲ್ಲ. ಅವಳು ಒಂದೂ ತಪ್ಪಿಲ್ಲದೆ ಪಾಸಾದಳು, ಇವನು ಎರಡು ತಪ್ಪು ಮಾಡಿ ಪಾಸಾದ. ಅದನ್ನು ಹೇಳಿ ಹೇಳಿ ಅವಳು ಅಪ್ಪನ ತಲೆ ತಿನ್ನುತ್ತಿದ್ದಳು. ಮೈಯಲ್ಲಿ ಮಾತ್ರ ಅವಳು ಗುಬ್ಬಿ. ಹದಿಮೂರಾಗುತ್ತ ಬಂದರೂ ಹತ್ತರ ಹುಡುಗಿಯ ಹೆಗಲು.

ಮೊದಲ ಬಂದೂಕು ಯಾವುದಿರಬೇಕು ಎಂದು ಮುದುಕ ತಮ್ಮನಿಗೆ ಸ್ಪಷ್ಟವಾಗಿ ಹೇಳಿದ್ದ. ಸಣ್ಣ ಗುಂಡಿನದು ತಗೋ, ಒದೆತ ಕಮ್ಮಿ ಇರುತ್ತದೆ. ಹೆಗಲಿಗೆ ಹಚ್ಚುವ ಹಿಂಬದಿಯ ಕಟ್ಟಿಗೆ ಗಿಡ್ಡದಿರಲಿ. ಎಲ್ಲಕ್ಕಿಂತ ಮೊದಲು ಹುಡುಗಿಯನ್ನು ಅಂಗಡಿಗೆ ಕರೆದುಕೊಂಡು ಹೋಗು. ಅವಳು ಕಣ್ಣು ಮುಚ್ಚಿ ಬಂದೂಕನ್ನು ಹೆಗಲಿಗೆ ಹಚ್ಚಲಿ, ಆಮೇಲೆ ಕಣ್ಣು ತೆರೆಯಲಿ. ಕತ್ತು ಚಾಚದೆ, ತಲೆ ಅಲ್ಲಾಡಿಸದೆ, ಮೇಲಿನ ಸ್ಕೋಪ್ ಎಂಬ ಗುರಿಯ ದುರ್ಬೀನಿನೊಳಗೆ ಬೆಳಕಿನ ಬಿಲ್ಲೆ ತುಂಬಿ ಕಂಡರೆ ಅದು ಅವಳದು. ಇಲ್ಲದಿದ್ದರೆ ಕೆಳಗಿಟ್ಟು ಬಾ.

ಆದರೆ ತಮ್ಮನಿಗೆ ಮಗಳ ಹುಟ್ಟುಹಬ್ಬಕ್ಕೆ ಸರ್‌ಪ್ರೈಸ್ ಕೊಡಬೇಕಿತ್ತು.

ದಸರೆಯ ಹೊತ್ತಿಗೆ ಶಾಲೆಗಳ ರಜೆ ಇತ್ತು, ನಾನು ಮೆಲ್ಬರ್ನ್‌ಗೆ ಹೋಗಿದ್ದೆ. ಖಂಡೆ ಪೂಜೆಯ ದಿನ ಅವನ ಲ್ಯಾಪ್‌ಟಾಪು, ಅವನ ಹೆಂಡತಿಯ ಸ್ಟೆತಾಸ್ಕೋಪು, ನನ್ನ ಕತ್ತರಿ ಮತ್ತು ಟೇಪು ಒಂದೇ ಮಣೆಯ ಮೇಲೆ ಕುಂಕುಮ ಹಚ್ಚಿಸಿಕೊಂಡು ಕುಳಿತಿದ್ದವು. ತಮ್ಮ ನನ್ನನ್ನು ಅಡುಗೆಮನೆಗೆ ಕರೆದ.

"ಅಕ್ಕಾ, ಒಂದ್ ಅಳತಿ ಬೇಕು. ಮೊಣಕೈ ಮಡಚಿದ್ರ ಒಳಗ ಗೆರಿ ಬೀಳ್ತೈತಲ್ಲ, ಅಲ್ಲಿಂದ ತೋರಬೆರಳಿನ ಮೊದಲನೇ ಗಿಣ್ಣಿನ ತನಕ. ಆಕೀಗಿ ಗೊತ್ತಾಗಬಾರ್ದು."

"ಗೊತ್ತಾಗದಂಗ ಹೆಂಗ ತಗೊಳ್ಳಿ? ಮಲಗಿದಾಗೇನು?"

"ಬೇಟಿಗೆ ಹಾಕ್ಕೊಳ್ಳೋ ಕಿತ್ತಳಿ ಬಣ್ಣದ ವೆಸ್ಟ್ ಹೊಲೀತೀನಿ ಅನ್ನು. ನೀ ಅಂದ್ರ ನಂಬ್ತಾಳ."

ಅವನ ಹೆಂಡತಿ ಹೋಳಿಗೆ ಬೇಯಿಸುತ್ತ, "ಸುಮ್ನ ಆಕೀನ್ನ ಅಂಗಡಿಗೆ ಕರ್ಕೊಂಡ್ ಹೋಗ್ರಿ, ನಾಟಕ ಯಾಕ" ಎಂದಳು. ಅವನು ಕೇಳಿಸಿಕೊಳ್ಳಲಿಲ್ಲ. ನಾನೂ ಕೇಳಿಸಿಕೊಳ್ಳಲಿಲ್ಲ. ಓದಿದ ತಮ್ಮ ನನ್ನ ಕೈಯಿಂದಲೇ ಆಗಬೇಕಾದ ಕೆಲಸವೊಂದನ್ನು ತಂದಿದ್ದನಲ್ಲ.

ಹುಡುಗಿಯನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿದೆ. ಎದೆ, ಹೆಗಲು, ಉದ್ದ ತೆಗೆದುಕೊಂಡು ಆಮೇಲೆ ಮೊಣಕೈ ಮಡಚಿಸಿದೆ. ಅವಳು ಬೆರಳನ್ನೇ ನೋಡುತ್ತ ಕೇಳಿದಳು:

"ಅತ್ತೆ, ವೆಸ್ಟ್‌ಗೆ ಸ್ಲೀವ್ಸೇ ಇಲ್ಲ. ವೈ ಆರ್ ಯು ಮೆಷರಿಂಗ್ ಮೈ ಫಿಂಗರ್?"

"ಸುಮ್ನ ನಿಂದ್ರ. ಹೊಲಿಯಾಕಿ ನಾನೋ ನೀನೋ?"

ಅವಳು ನಕ್ಕು ಬೆರಳು ಚಾಚಿದಳು. ಟೇಪು ಹನ್ನೆರಡೂ ಕಾಲು ತೋರಿಸಿತು. ಪುಸ್ತಕದಲ್ಲಿ ಬರೆದೆ. ಪಕ್ಕದಲ್ಲಿ ಒಂದೂವರೆ ಕೂಡಿಸಿ ಹದಿಮೂರೂ ಮುಕ್ಕಾಲು ಬರೆದು ಸುತ್ತು ಹಾಕಿದೆ. ಆಗ ಅದು ಕೈಯ ರೂಢಿ, ಅಷ್ಟೇ.

ನವೆಂಬರಿನಲ್ಲಿ ಬಂದೂಕಿನ ಅಂಗಡಿಯಿಂದ ಅವನ ಫೋನು ಬಂತು. ನಾನು ಯಾರದೋ ಕೋಟಿನ ತೋಳು ಬಿಚ್ಚುತ್ತಿದ್ದೆ.

"ಅಕ್ಕಾ, ಆ ಅಳತಿ ಹೇಳ."

ಪುಸ್ತಕ ತೆಗೆದೆ. ಮರೆತು ಓದಿದೆ ಎಂದು ಇಲ್ಲಿ ಬರೆದರೆ ಸುಳ್ಳಾಗುತ್ತದೆ. ಎರಡು ಅಂಕಿಗಳೂ ಕಣ್ಣ ಮುಂದಿದ್ದವು. ಬೆಳೆಯುವ ಹುಡುಗಿ, ಬಂದೂಕೇನು ವರ್ಷ ವರ್ಷ ಕೊಳ್ಳುವಂಥದ್ದೇ ಎಂದುಕೊಂಡೆ. "ಹದಿಮೂರೂ ಮುಕ್ಕಾಲು" ಎಂದೆ.

"ಅಷ್ಟೈತಿ? ಪಕ್ಕಾ ಏನು? ಸಣ್ಣ ಕೈ ಅಲ್ಲ ಆಕೀದು?"

"ಯಾಕ, ನನ್ನ ಟೇಪಿನ ಮ್ಯಾಲೆ ಡೌಟು ಬಂತೇನ್ ಸಾಹೇಬ್ರಿಗೆ?"

"ಇಲ್ಲಬಿಡವ್ವಾ ತಾಯಿ" ಎಂದು ನಕ್ಕ. ಫೋನು ಇಡದೆಯೇ ಅಂಗಡಿಯವನಿಗೆ ಹೇಳಿದ. ಅಂಗಡಿಯವನು, ಅಷ್ಟು ಕೈ ಇದ್ದರೆ ಮಕ್ಕಳ ಗಿಡ್ಡ ರೈಫಲ್ ಬೇಡವೇ ಬೇಡ, ದೊಡ್ಡವರದೇ ಸರಿಹೋಗುತ್ತದೆ ಎಂದದ್ದು ನನಗೂ ಕೇಳಿಸಿತು. ದೊಡ್ಡವರದೇ ತೆಗೆದುಕೊಳ್ಳುವುದಾದರೆ ದೊಡ್ಡ ಗುಂಡಿನದೇ ಇರಲಿ ಎಂದು ತಮ್ಮ ತೀರ್ಮಾನಿಸಿದ. ಸಣ್ಣ ಗುಂಡಿನಲ್ಲಿ ಚಿಕ್ಕ ಜಿಂಕೆ ಮಾತ್ರ ಹೊಡೆಯಬಹುದು, ಕಡವೆಗೆ ಕಾನೂನು ಒಪ್ಪುವುದಿಲ್ಲ. ಇದಾದರೆ ಮುಂದೆ ಎರಡಕ್ಕೂ ಆಯಿತು. ಹೀಗೆ ನನ್ನ ಒಂದೂವರೆ ಇಂಚಿನಿಂದ ಉದ್ದವೂ ಬಂತು, ಭಾರವೂ ಬಂತು, ಒದೆತವೂ ಬಂತು.

ಡಿಸೆಂಬರಿನಲ್ಲಿ ಹುಟ್ಟುಹಬ್ಬ. ಹುಡುಗಿ ರೈಫಲ್ ಎತ್ತಿ ನೋಡಿ, "ಇಟ್ಸ್ ಎ ಬಿಟ್ ಲಾಂಗ್, ಅಪ್ಪ" ಎಂದಳಂತೆ. "ನೀ ಬೆಳೀತಿ ಬಿಡು" ಎಂದು ಇವನು ಅದನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದನಂತೆ. ಸ್ಕೋಪ್ ಕೂಡಿಸಲು ಶೆಡ್ಡಿಗೆ ಒಯ್ದಾಗ ಮುದುಕನೂ ಇದು ಅವಳಿಗೆ ಉದ್ದವಲ್ಲವೇ ಎಂದನಂತೆ. ಅಳತೆ ತೆಗೆದವಳು ನನ್ನಕ್ಕ, ಮೂವತ್ತು ವರ್ಷದ ಕೈ ಎಂದ ಮೇಲೆ ಮುದುಕ ಸುಮ್ಮನಾದನಂತೆ. ಇದನ್ನೆಲ್ಲ ತಮ್ಮ ನನಗೆ ಫೋನಿನಲ್ಲಿ ನಗುತ್ತ ಹೇಳಿದ. ನನ್ನನ್ನು ಹೊಗಳುವುದಕ್ಕೆಂದೇ ಹೇಳಿದ. ನನ್ನ ಕೈಯಲ್ಲಿದ್ದ ಸೂಜಿ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಮತ್ತೆ ಹೊಲಿದೆ.

ಇಲ್ಲಿಯ ಬೇಸಿಗೆಯ ಕಾಡುಬೆಂಕಿಯ ಭಯ ಕಳೆದ ಮೇಲೆ, ಈಸ್ಟರ್ ರಜೆಯಲ್ಲಿ ನಾನು ಮತ್ತೆ ಮೆಲ್ಬರ್ನ್‌ಗೆ ಹೋದಾಗ, ಗುರಿ ಸರಿಮಾಡಲು ಶೂಟಿಂಗ್ ರೇಂಜಿಗೆ ಹೋದೆವು. ಹುಡುಗಿ ನಾನು ಹೊಲಿದ ಕಿತ್ತಳೆ ವೆಸ್ಟ್ ಹಾಕಿದ್ದಳು. ಅದೂ ದೊಡ್ಡದೇ ಆಗಿತ್ತು, ಆದರೆ ಬಟ್ಟೆಯಾದ್ದರಿಂದ ಬದಿಯಲ್ಲಿ ಪಿನ್ನು ಹಾಕಿ ಕೊಟ್ಟಿದ್ದೆ. ಬೆಂಚಿಗೆ ಕುಳಿತು ರೈಫಲ್ಲನ್ನು ಹೆಗಲಿಗೆ ತಂದಳು. ಕಟ್ಟಿಗೆಯ ತುದಿ ಹೆಗಲ ಗುಳಿಯಲ್ಲಿ ಕೂರಲಿಲ್ಲ, ತೋಳಿನ ಮೇಲೆ ಜಾರಿ ನಿಂತಿತು. ಬೆರಳು ಬಂದೂಕಿನ ಕುದುರೆಗೆ, ಅಂದರೆ ಟ್ರಿಗರ್‌ಗೆ, ಮುಟ್ಟಲು ಮೊಣಕೈ ಪೂರ್ತಿ ನೆಟ್ಟಗಾಯಿತು. ಸ್ಕೋಪಿನಲ್ಲಿ ನೋಡಲು ಕತ್ತನ್ನು ಬಾತುಕೋಳಿಯ ಹಾಗೆ ಮುಂದೆ ಚಾಚಿದಳು. ತೋಳು ಉದ್ದವಾದ ಅಂಗಿ ತೊಟ್ಟವರನ್ನು ದಿನವೂ ಕನ್ನಡಿಯ ಮುಂದೆ ನೋಡುವವಳು ನಾನು. ಎಷ್ಟು ಹೆಚ್ಚಾಗಿದೆ ಎಂದು ಯಾರೂ ನನಗೆ ಹೇಳಬೇಕಾಗಿರಲಿಲ್ಲ.

ಮೊದಲ ಗುಂಡು ಹಾರಿತು. ಅವಳ ಇಡೀ ಮೈ ಹಿಂದಕ್ಕೆ ಹೋಗಿ ಬಂತು. ಮುದುಕ ಕೈ ಎತ್ತಿ, ಹುಡುಗಿ ಕತ್ತು ಚಾಚುತ್ತಿದ್ದಾಳೆ ಎಂದ.

"ಫಸ್ಟ್ ಡೇ, ಶಿ ಈಸ್ ನರ್ವಸ್" ಎಂದ ತಮ್ಮ.

"ಐ ಆಮ್ ನಾಟ್" ಎಂದಳು ಹುಡುಗಿ.

ಎರಡನೆಯ ಗುಂಡೂ ಹಾಗೆಯೇ ಹೋಯಿತು. ಮುದುಕನಿಗೆ ಸಮಾಧಾನವಾಗಲಿಲ್ಲ. ಅವಳು ಅಷ್ಟು ಚಾಚದಿರಲಿ ಎಂದು ತಿರುಪು ಸಡಿಲಿಸಿ ಸ್ಕೋಪನ್ನು ಅವಳ ಮುಖದ ಕಡೆಗೆ ಸ್ವಲ್ಪ ಸರಿಸಿ ಬಿಗಿ ಮಾಡಿದ. ಆ ಹೊತ್ತಿನಲ್ಲಿ ತಮ್ಮ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ, ಹೇಗಿದೆ ನನ್ನ ಮಗಳು ಎನ್ನುವಂತೆ. ನಾನು ತಲೆ ಆಡಿಸಿದೆ.

ಮೂರನೆಯ ಗುಂಡಿಗೆ ರೈಫಲ್ ಒದ್ದಾಗ ಸ್ಕೋಪಿನ ಅಂಚು ಅವಳ ಬಲಗಣ್ಣಿನ ಹುಬ್ಬಿಗೆ ಬಡಿಯಿತು.

ಅವಳು ಕಿರುಚಲಿಲ್ಲ. ಕಲಿಸಿದಂತೆ ಬೋಲ್ಟ್ ತೆರೆದು, ಖಾಲಿಯಾಗಿದೆಯೆಂದು ನೋಡಿ, ನಳಿಗೆಯ ಬಾಯಿ ಗುರಿಯ ಕಡೆಗೇ ಇಟ್ಟು ರೈಫಲ್ಲನ್ನು ಬೆಂಚಿನ ಮೇಲೆ ಮಲಗಿಸಿದಳು. ಆಮೇಲೆ ಕೈಯನ್ನು ಮುಖಕ್ಕೆ ಒಯ್ದಳು. ಬೆರಳುಗಳ ಸಂದಿಯಿಂದ ರಕ್ತ ಕಿತ್ತಳೆ ವೆಸ್ಟಿನ ಮೇಲೆ ತೊಟ್ಟಿಕ್ಕಿತು.

ತಮ್ಮ ಅವಳ ಹುಬ್ಬಿಗೆ ಕರವಸ್ತ್ರ ಒತ್ತಿ ಹಿಡಿದು ಮುದುಕನ ಮೇಲೆ ಎಗರಿದ. ನೀನು ಸ್ಕೋಪ್ ಸರಿಸಿದ್ದೇ ಇದಕ್ಕೆಲ್ಲ ಕಾರಣ ಎಂದ. ಮುದುಕನ ಮುಖ ಬಿಳುಚಿತು. ಹಾಗಿರಬಹುದು ಎಂದು ತನ್ನ ಮೇಲೆ ತಾನೇ ಅನುಮಾನ ಪಟ್ಟ. ಆದರೂ ಹುಡುಗಿಯ ಮೊಣಕೈಯಿಂದ ಬೆರಳಿಗೆ ತನ್ನ ಗೇಣು ಹಿಡಿದು ನೋಡಿ, ನನ್ನ ಕಡೆ ತಿರುಗಿ, ನನಗೆ ತಿಳಿಯಲೆಂದು ಒಂದೊಂದೇ ಪದ ಬಿಡಿಸಿ ಕೇಳಿದ.

"ಯು ಮೆಷರ್ಡ್ ಹರ್?"

"ಯೆಸ್."

"ತರ್ಟೀನ್ ಅಂಡ್ ತ್ರೀ ಕ್ವಾರ್ಟರ್ಸ್?"

ನನ್ನ ಇಂಗ್ಲಿಷಿನಲ್ಲಿ ಎಷ್ಟೋ ತೂತುಗಳಿವೆ. ಅಂಕಿಗಳಲ್ಲಿ ಇಲ್ಲ. ಅವನು ಕೇಳಿದ್ದು ಪೂರ್ತಿ ಅರ್ಥವಾಗಿತ್ತು.

"ಯೆಸ್" ಎಂದೆ.

ಮುದುಕ ಟೋಪಿ ಎತ್ತಿಕೊಂಡು ತನ್ನ ಕಾರಿನ ಕಡೆಗೆ ನಡೆದ. ಹುಡುಗಿಗೆ ಮೂರು ಹೊಲಿಗೆ ಬಿದ್ದವು. ಅಂದಿನಿಂದ ಬೇಲಿಯ ಮೇಲೆ ಪಾತ್ರೆ ಬರಲಿಲ್ಲ, ಹೋಗಲೂ ಇಲ್ಲ. ರೈಫಲ್ ಪೆಟ್ಟಿಗೆಯಲ್ಲೇ ಉಳಿಯಿತು. ಮುದುಕನ ಮೇಲಿನ ಸಿಟ್ಟು ತಣ್ಣಗಾದ ಮೇಲೆ ತಮ್ಮನಿಗೆ ಇನ್ನೊಂದು ಕಾರಣ ಸಿಕ್ಕಿತು: ಮಗಳು ಹೆದರಿ ಕಣ್ಣು ಮುಚ್ಚಿರಬೇಕು. ಅಳತೆ ಸರಿ, ಬಂದೂಕು ಸರಿ, ಸ್ಕೋಪನ್ನು ಸರಿಸಿದ್ದು ಕೂದಲೆಳೆಯಷ್ಟು. ಉಳಿದವಳು ಅವಳೊಬ್ಬಳೇ. ಲೆಕ್ಕ ಬಲ್ಲವನು ಹೀಗೆ ಒಂದೊಂದೇ ಕಳೆಯುತ್ತ ಮಗಳ ಹತ್ತಿರ ಬಂದು ನಿಂತ. ಮೊದಲು ಅನುಮಾನ ಪಡಬೇಕಾದದ್ದು ನನ್ನ ಮೇಲೆ. ನನ್ನನ್ನು ಅವನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ, ಅಷ್ಟು ನಂಬಿದ್ದ.

ಜುಲೈ ರಜೆಯಲ್ಲಿ ಅವರೆಲ್ಲ ಸಿಡ್ನಿಗೆ ಬಂದರು. ಭಾನುವಾರ ನಮ್ಮ ಮನೆಯಲ್ಲಿ ನಾಲ್ಕು ಮನೆಯವರನ್ನು ಊಟಕ್ಕೆ ಕರೆದಿದ್ದೆ. ಹುಡುಗಿಯ ಹುಬ್ಬಿನ ಗುರುತು ನೋಡಿ ಬೆಂಗಳೂರಿನ ಒಬ್ಬ ಅಂಕಲ್ ಕೇಳಿದರು, "ಏನಮ್ಮಾ ಇದು, ಕ್ರಿಕೆಟ್ ಬಾಲಾ?"

ಅವಳು ಬಾಯಿ ತೆರೆಯುವುದರೊಳಗೆ ತಮ್ಮ ಹೇಳಿದ: "ಇಲ್ಲ ಸರ್, ಬೇಟೆ! ನನ್ ಮಗಳು ಹುಲಿ ಅಂದ್ಕೊಂಡಿದ್ದೆ. ಬಂದೂಕು ಕೈಗ್ ಕೊಟ್ಟೆ, ಹುಲಿ ಕಣ್ ಮುಚ್ಕೊಂಡ್‌ಬಿಡ್ತು."

"ವಯೊಲಿನ್ ಕಲಿಸಿ ಸರ್, ಅದು ಒದೆಯಲ್ಲ" ಎಂದರು ಅಂಕಲ್. ಎಲ್ಲರೂ ನಕ್ಕರು.

"ಐ ಡಿಡಿಂಟ್ ಕ್ಲೋಸ್ ಮೈ ಐಸ್" ಎಂದಳು ಹುಡುಗಿ. ಯಾರೂ ಕೇಳಿಸಿಕೊಳ್ಳಲಿಲ್ಲ. ಅವಳು ನನ್ನ ಕಡೆ ನೋಡಿದಳು. "ಅತ್ತೆ, ಯು ವರ್ ದೇರ್. ಹೇಳಿ ಅವ್ರಿಗೆ."

ನನ್ನ ಕೈಯಲ್ಲಿ ಪಾಯಸದ ಪಾತ್ರೆ ಇತ್ತು. "ಇನ್ನೊಂಚೂರು ಪಾಯಸ ಹಾಕ್ಲಾ?" ಎಂದೆ.

ಅವಳು ತಟ್ಟೆಯನ್ನು ಮುಂದೆ ತಳ್ಳಿ ಎದ್ದು ಹೋದಳು.

ಮರುದಿನ ಮನೆಯಲ್ಲಿ ಎಲ್ಲರೂ ಊರು ನೋಡಲು ಹೊರಟರೆ, ಅವಳು ನನ್ನ ಜೊತೆ ಅಂಗಡಿಗೆ ಬರುತ್ತೇನೆಂದಳು. ಅಪ್ಪನೊಂದಿಗೆ ಹೋಗಲು ಮನಸ್ಸಿರಲಿಲ್ಲ. ಮೆಟ್ರೋದಲ್ಲಿ, ನಾರ್ವೆಸ್ಟ್ ಸ್ಟೇಶನ್ನಿನಲ್ಲಿ ಆಫೀಸಿನವರು ಹತ್ತಿ ಇಳಿಯುವುದನ್ನು ಕಣ್ಣು ಮಿಟುಕಿಸದೆ ನೋಡುತ್ತ ಕುಳಿತಿದ್ದಳು. ಅಂಗಡಿಯಲ್ಲಿ ಒಬ್ಬ ತಾಯಿ ಮಗಳ ಲಂಗಕ್ಕೆ ಅಳತೆ ಕೊಡಲು ಬಂದಳು. ನಾನು ಟೇಪು ಹಿಡಿದೆ, ಹುಡುಗಿಗೆ ಪುಸ್ತಕ ಕೊಟ್ಟು ಬರೆದುಕೋ ಎಂದೆ.

"ಇಪ್ಪತ್ತಾರು. ಪಕ್ಕಕ್ಕ ಇಪ್ಪತ್ತೆಂಟು ಬರದು ಸುತ್ತು ಹಾಕು."

"ವೈ ಟೂ?"

"ಬೆಳಿಯೋ ಮಕ್ಕಳಿಗೆ ಯಾವಾಗ್ಲೂ ಎರಡು ಬರೀತೀನಿ ನಾನು. ಹೊಲಿಯೂದು ದೊಡ್ಡದಕ್ಕ" ಎಂದೆ. ಎಂದ ಮೇಲೆ ತಿಳಿಯಿತು ನಾನೇನು ಹೇಳಿದೆ ಎಂದು.

ತಾಯಿ ಮಗಳು ಹೋದರು. ಹುಡುಗಿ ಪುಸ್ತಕದ ಹಾಳೆಗಳನ್ನು ಹಿಂದಕ್ಕೆ ತಿರುವಿದಳು. ಅವಳಿಗೆ ಕನ್ನಡ ಓದಲು ಬಾರದು. ಅಂಕಿಗಳು ಇಂಗ್ಲಿಷಿನವು. ದಸರೆಯ ಹಾಳೆ ಸಿಕ್ಕಿತು, ಟೇಪಿನಿಂದ ಉದುರಿದ ಕುಂಕುಮದ ಕಲೆ ಇನ್ನೂ ಅದರ ಮೇಲಿತ್ತು. ನಾನು ಇಸ್ತ್ರಿ ಪೆಟ್ಟಿಗೆಯ ಮೇಲೆ ಕೈಯಿಟ್ಟು ನಿಂತಿದ್ದೆ. ಅವಳು ನನ್ನ ಕೊರಳಿನಿಂದ ಟೇಪು ತೆಗೆದು, ಮೊಣಕೈ ಮಡಚಿ, ತಾನೇ ಹಿಡಿದು ನೋಡಿದಳು. ಹನ್ನೆರಡೂವರೆ. ಒಂಬತ್ತು ತಿಂಗಳಲ್ಲಿ ಅವಳು ಬೆಳೆದದ್ದು ಕಾಲು ಇಂಚು.

"ಯು ಸೆಡ್ ಇಟ್ ವಾಸ್ ಫಾರ್ ದ ವೆಸ್ಟ್."

ನಾನು ಇಸ್ತ್ರಿ ಪೆಟ್ಟಿಗೆಯ ಸ್ವಿಚ್ ಆರಿಸಿದೆ.

"ನಿಮ್ಗೆ ಗೊತ್ತಿತ್ತು. ನಿನ್ನೆನೂ ಗೊತ್ತಿತ್ತು."

ಅವಳು ಪುಸ್ತಕವನ್ನು ಮುಚ್ಚಿ, ಮೇಜಿನ ಅಂಚಿಗೆ ಸರಿಯಾಗಿ ಹೊಂದಿಸಿಟ್ಟಳು. ಅವಳ ಹುಬ್ಬಿನ ಮೇಲೆ ಕೂದಲು ಬಾರದ ಬಿಳಿ ಗೆರೆ ಇತ್ತು. ಅದನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

"ಡೋಂಟ್ ವರಿ. ಅಪ್ಪಂಗೆ ಹೇಳಲ್ಲ" ಎಂದಳು. "ನೀವಂದ್ರೆ ಅವ್ರಿಗೆ ತುಂಬಾ ಇಷ್ಟ."

ಹೊರಗೆ ಹೋಗಿ ಮೆಟ್ಟಿಲ ಬಳಿಯ ಬೆಂಚಿನ ಮೇಲೆ ಸಂಜೆಯವರೆಗೂ ಕುಳಿತಳು. ಎರಡು ಸಲ ಟೀ ಒಯ್ದೆ. "ಬೇಡ ಆಂಟಿ" ಎಂದಳು. ನನ್ನ ಕಿವಿಗೆ ಸರಿಯಾಗಿ ಬಿತ್ತೋ ಇಲ್ಲವೋ ಎಂದು ನಿಂತೆ. ಅಂಗಡಿಗೆ ಬರುವ ಎಲ್ಲ ಮಕ್ಕಳಿಗೂ ನಾನು ಆಂಟಿ. ಅವಳೊಬ್ಬಳಿಗೆ ಅತ್ತೆಯಾಗಿದ್ದೆ. ಮೆಲ್ಬರ್ನ್‌ಗೆ ಹೊರಡುವಾಗಲೂ ಕಾರಿನ ಕಿಟಕಿಯಿಂದ "ಬೈ ಆಂಟಿ" ಎಂದಳು. ತಮ್ಮ, "ಏ, ಅತ್ತಿ ಅನ್ನವಾ" ಎಂದು ಗದರಿಸಿ ಕಾರು ತೆಗೆದ.

ಒಂದು ತಿಂಗಳು ಹಾಗೇ ಕಳೆಯಿತು. ತಮ್ಮ ಫೋನು ಮಾಡಿದಾಗಲೆಲ್ಲ ಎಂದಿನ ಹಾಗೆ ನಗುತ್ತಿದ್ದ. ಅವಳು ಹೇಳಿಲ್ಲ ಎಂದು ಅದರಿಂದ ತಿಳಿಯುತ್ತಿತ್ತು. ಹದಿಮೂರು ವರ್ಷದ ಹುಡುಗಿ ತಾನು ಪುಕ್ಕಲಿ ಎನ್ನಿಸಿಕೊಂಡು ನನ್ನ ಮಾನ ಕಾಯುತ್ತಿದ್ದಳು. ನಾನು ಕಾಯಿಸಿಕೊಳ್ಳುತ್ತಿದ್ದೆ.

ಆಗಸ್ಟ್‌ನ ಒಂದು ಶನಿವಾರ ಯಜಮಾನರಿಗೆ ಎಲ್ಲ ಹೇಳಿ, ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಬೆಳಗಿನ ವಿಮಾನ ಹತ್ತಿದೆ. ತಮ್ಮ ಕರೆದುಕೊಂಡು ಹೋಗಲು ಬಂದಿದ್ದ. ಏನು ವಿಶೇಷ ಎಂದು ಮೂರು ಸಲ ಕೇಳಿದ. ಅವನ ಹೆಂಡತಿ ಆಸ್ಪತ್ರೆಯ ಡ್ಯೂಟಿಯಲ್ಲಿದ್ದಳು, ಹುಡುಗಿ ನೆಟ್‌ಬಾಲ್ ಆಡಲು ಹೋಗಿದ್ದಳು. ಅವನು ಚಹಾಕ್ಕೆ ನೀರಿಟ್ಟ. ನಾನು ಪುಸ್ತಕ ತೆಗೆದು ಆ ಹಾಳೆ ಬಿಡಿಸಿ ಅವನ ಮುಂದೆ ಇಟ್ಟೆ.

"ಇದು ಆಕೀ ಕೈ. ಇದು ನಾ ಕೂಡಿಸಿದ್ದು. ನಿನಗ ಹೇಳಿದ್ದು ಕೂಡಿಸಿದ್ದನ್ನ."

ಅವನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ನೀರು ಕುದಿದು ಉಕ್ಕುವವರೆಗೂ ಹಾಳೆಯನ್ನೇ ನೋಡಿದ.

"ರೇಂಜಿನ್ಯಾಗ ಗೊತ್ತಾಗಿತ್ತೇನು?"

"ಗೊತ್ತಾಗಿತ್ತು."

"ಯಾವಾಗ? ಬಡದ ಮ್ಯಾಲೋ, ಮೊದಲೋ?"

ಬಡಿದ ಮೇಲೆ ಎಂದರೆ ಅರ್ಧ ಉಳಿಯುತ್ತಿದ್ದೆ. ಅವನು ಅದನ್ನೇ ಕೇಳಲು ಬಯಸಿದ್ದ ಎಂದೂ ಗೊತ್ತಿತ್ತು.

"ಮೊದ್ಲ."

ಅವನು ಒಲೆ ಆರಿಸಿದ. ನನ್ನ ಕಡೆ ತಿರುಗದೆ ಹೇಳಿದ: "ಆ ಮನಿಶ್ಯಾನ ಮುಂದ ನಿನ್ನ ಹೆಸರು ಹೇಳಿ ಹೇಳಿ ಜಗಳಾಡೀನಿ ಅಕ್ಕಾ. ಮಗಳ್ನ ಮಂದಿ ಮುಂದ ನಗಿಗೀಡ ಮಾಡೀನಿ. ನಿನ್ನ ಟೇಪ್ ಒಂದು ಬಿಟ್ಟು ಉಳದದ್ದೆಲ್ಲಾ ಸುಳ್ಳು ಅಂತ ತಿಳಕೊಂಡೆ ನಾ." ಚಹಾದ ಪಾತ್ರೆ ಕೆಳಗಿಳಿಸಿ, "ಸರ್‌ಪ್ರೈಸು ಅಂತ ಕುಣದಾಂವ ನಾನ. ಅದೂ ಖರೇ. ಆದ್ರ ನೀ ಹೇಳಬೇಕಿತ್ತು" ಎಂದ.

"ನನ್ನ..." ಎಂದು ಶುರು ಮಾಡಿದೆ.

"ನನಗ ಬ್ಯಾಡ. ನನಗ ಹೇಳಿ ಮುಗಸಬ್ಯಾಡ" ಎಂದು ಹಿಂಬಾಗಿಲು ತೆರೆದು ಹೋದ.

ಕಿಟಕಿಯಿಂದ ಕಾಣುತ್ತಿತ್ತು. ಅವನು ಬೇಲಿಯ ಹತ್ತಿರ ನಿಂತು ಕೂಗಿದ. ಬಹಳ ಹೊತ್ತಿನ ಮೇಲೆ ಮುದುಕ ಬಂದ, ಬೇಲಿಯಿಂದ ನಾಲ್ಕು ಹೆಜ್ಜೆ ದೂರದಲ್ಲೇ ನಿಂತ. ತಮ್ಮ ತನ್ನ ಮೊಣಕೈ ಮಡಚಿ ಬೆರಳು ತೋರಿಸಿ ಏನೋ ಹೇಳುತ್ತಿದ್ದ. ಮುದುಕ ಕೇಳಿದ, ತಲೆ ಆಡಿಸಿದ, ನಗಲಿಲ್ಲ. ಕೈ ಕುಲುಕಿದರೋ ಇಲ್ಲವೋ ನೋಡಲಾಗಲಿಲ್ಲ, ಮುಂಬಾಗಿಲು ತೆರೆದುಕೊಂಡಿತು.

ಹುಡುಗಿ ಬೂಟು ಬಿಚ್ಚುತ್ತ ನನ್ನನ್ನು ನೋಡಿದಳು. "ಹಾಯ್ ಆಂಟಿ" ಎಂದಳು. ಮೇಜಿನ ಮೇಲೆ ತೆರೆದಿದ್ದ ಪುಸ್ತಕ ಕಣ್ಣಿಗೆ ಬಿತ್ತು. ಅವಳ ಕೈ ಲೇಸಿನ ಮೇಲೆಯೇ ನಿಂತಿತು. "ಐ ಡಿಡಿಂಟ್ ಟೆಲ್ ಹಿಮ್" ಎಂದಳು ಗಾಬರಿಯಿಂದ.

ಅಷ್ಟರಲ್ಲಿ ತಮ್ಮ ಒಳಗೆ ಬಂದು ಬಾಗಿಲಲ್ಲಿ ನಿಂತ. ನಮ್ಮ ಮನೆಯಲ್ಲಿ ದೊಡ್ಡವರು ಚಿಕ್ಕವರ ಮುಂದೆ ತಪ್ಪೊಪ್ಪಿಕೊಂಡದ್ದನ್ನು ನಾನು ನೋಡಿಲ್ಲ. ಹೇಗೆ ನಿಲ್ಲಬೇಕೆಂದೂ ಗೊತ್ತಿರಲಿಲ್ಲ. ಅಳತೆ ತೆಗೆಯುವಾಗ ಕೂರುವ ಹಾಗೆ ಅವಳ ಮುಂದೆ ಮೊಣಕಾಲೂರಿ ಕುಳಿತೆ. ಬರುವಾಗ ವಿಮಾನದಲ್ಲಿ ಜೋಡಿಸಿಕೊಂಡಿದ್ದ ಮಾತುಗಳು ಒಂದೂ ಬರಲಿಲ್ಲ. ಅವಳ ಅಪ್ಪನಿಗೂ ಕೇಳಿಸುವಷ್ಟು ಗಟ್ಟಿಯಾಗಿ, ಬಂದಷ್ಟನ್ನು ಹೇಳಿದೆ:

"ನೀ ಹೇಳಿಲ್ಲ ಬಿಡವಾ, ನಾನ ಹೇಳೀನಿ. ನೀ ಕಣ್ಣು ಮುಚ್ಚಿರಲಿಲ್ಲ. ನೀ ಹೆದರಿರಲೂ ಇಲ್ಲ. ಅಳತಿ ನಂದ ತಪ್ಪಿತ್ತು, ಅದು ನನಗ ಗೊತ್ತಿತ್ತು. ಗೊತ್ತಿದ್ದೂ ಕುರ್ಚಿ ಮ್ಯಾಲೆ ಕುಂತೆ, ಗೊತ್ತಿದ್ದೂ ಯೆಸ್ ಅಂದೆ, ಗೊತ್ತಿದ್ದೂ ನಿನಗ ಪಾಯಸ ಬ್ಯಾರೆ ಕೇಳಿದೆ. ನನ್ನಿಂದ ತಪ್ಪಾತು ಕೂಸ. ನನ್ನ ಕ್ಷಮಿಸು."